ಎಂಜಿನ್ನಿನ ಹತ್ತಿ, ದೇವಮ್ಮನ ಚೀಟಿ

ಮೂರು ವಾರದ ಹಿಂದಿನ ಭಾನುವಾರ, ಮಟಮಟ ಮಧ್ಯಾಹ್ನ, ಮಲಗಿದ್ದ ಹೆಂಗಸೊಬ್ಬಳ ತಲೆದಿಂಬನ್ನು ಕಿತ್ತುಕೊಂಡೆ.

ಆಕೆಯ ಹೆಸರು ದೇವಮ್ಮ. ಯಾದಗಿರಿ ಕಡೆಯವಳು, ದಿನಗೂಲಿ. ಹೈದರಾಬಾದಿನ ಬೇಗಂಪೇಟೆಯ ಆಚೆ ಮುಚ್ಚಿಹೋದ ಕಾರ್ಖಾನೆಯೊಂದರ ಅಂಗಳದಲ್ಲಿ ಹಳೆಯ ಉಗಿ ಎಂಜಿನ್ನೊಂದು ನಿಂತಿದೆ. ಅದರ ನೆರಳಿನಲ್ಲಿ ಊಟ ಮುಗಿಸಿ ಅಡ್ಡಾಗಿದ್ದಳು. ತಲೆಯ ಕೆಳಗೆ ಸಿಮೆಂಟ್ ಚೀಲ. ಚೀಲದ ಬಾಯಿಂದ ಬಿಳಿ ಹತ್ತಿಯಂಥದ್ದು ಇಣುಕುತ್ತಿತ್ತು.

ದಡಬಡಿಸಿ ಎದ್ದು ಕೂತಳು. “ಕಸ ಅಂತ ಒಗದಿದ್ರಿ, ಅದಕ್ಕ ತಗೊಂಡೀನ್ರಿ. ಕಳ್ಳಿ ಅಂತ ತಿಳೀಬ್ಯಾಡ್ರಿ ಸಾಹೇಬ್ರ.”

“ಎಲ್ಲಿಂದ ತಂದಿಯವ್ವಾ ಇದನ್ನ?”

“ಎಂಜಿನ್ ಹೊಟ್ಟಿಂದ್ರಿ. ನಾವಽ ಕಿತ್ತೀವಲ್ಲ. ಮನಿಗೂ ಒಂದು ಒಯ್ದೀನಿ. ಭಾಳ ಮೆತ್ತಗೈತಿ, ನನ್ನ ಮಗಳು ಅದನ್ನ ಬಿಟ್ಟು ಮಲಗವಲ್ಲಳು.”

ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿದೆ.

ವಿಷಯ ಇಷ್ಟು. ಉಗಿ ಎಂಜಿನ್ನಿನ ಬಾಯ್ಲರಿಗೆ ಹೊರಗೆ ತಗಡಿನ ಹೊದಿಕೆ ಇರುತ್ತದೆ. ಕಾವು ಹೊರಗೆ ಹೋಗದಿರಲಿ ಎಂದು ಆ ತಗಡಿಗೂ ಬಾಯ್ಲರಿಗೂ ನಡುವೆ ಹಾಸಿಗೆಯ ಹಾಗೆ ಒಂದು ಪದರ ತುಂಬುತ್ತಿದ್ದರು. ಹಳೆಯ ಎಂಜಿನ್ನುಗಳಲ್ಲಿ ಅದು ಬಹುಪಾಲು ಕಲ್ನಾರು. (ಆಸ್ಬೆಸ್ಟಾಸ್ ಅಂದರೆ ಬೇಗ ಗೊತ್ತಾಗುತ್ತದೆ.) ಅದರ ಸಣ್ಣ ಎಳೆಗಳು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಕೂತುಬಿಡುತ್ತವೆ. ಕಾಯಿಲೆ ಹೊರಗೆ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷವೇ ಬೇಕಾಗಬಹುದು. ಇವತ್ತು ಎಕ್ಸ್-ರೇ ತೆಗೆಸಿದರೆ ಏನೂ ಕಾಣುವುದಿಲ್ಲ.

ಇದು ನನಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ. ಹಾಗಿದ್ದೂ ಎರಡು ತಿಂಗಳು ಪ್ರತಿ ಭಾನುವಾರ ಆ ಬಿಳಿ ರಾಶಿಯ ಪಕ್ಕದಲ್ಲೇ ನಿಂತು ಚಹಾ ಕುಡಿದಿದ್ದೇನೆ. ಓದಿದ್ದು ಒಂದು ಕಡೆ, ಕಣ್ಣು ಇನ್ನೊಂದು ಕಡೆ.

ಈ ಎಂಜಿನ್ನನ್ನು ಉಳಿಸಲು ಹೊರಟ ಸ್ವಯಂಸೇವಕರಲ್ಲಿ ನಾನೂ ಒಬ್ಬ ಎಂಬುದು ನಿಮಗೆ ಗೊತ್ತೇ ಇದೆ. ಇದೇ ಅಂಕಣದಲ್ಲಿ ಜೋಳಿಗೆ ಹಿಡಿದು ನಿಮ್ಮ ಮುಂದೆ ನಿಂತವನೂ ನಾನೇ. ಸ್ವಯಂಸೇವಕರು ಅಂದರೆ ಯಾರು? ಭಾನುವಾರ ಬೆಳಿಗ್ಗೆ ಬಂದು ಹಿತ್ತಾಳೆ ಉಜ್ಜುವವರು, ಎಂಜಿನ್ ಹತ್ತಿ ಫೋಟೋ ತೆಗೆಸಿಕೊಳ್ಳುವವರು, ಇಡ್ಲಿ ತಿಂದು ಹನ್ನೊಂದಕ್ಕೆಲ್ಲ ಜಾಗ ಖಾಲಿ ಮಾಡುವವರು. ವಾರವಿಡೀ ತುಕ್ಕು ಕೆರೆಯುವವರಿಗೆ, ಬಾಯ್ಲರಿನ ಪದರ ಕೀಳುವವರಿಗೆ ಬೇರೆ ಹೆಸರಿದೆ. ಲೇಬರ್.

ಆ ಅಂಕಣ ನೆನಪಿದೆಯೇ? ನಮ್ಮಪ್ಪ ಬೇರೊಂದು ಊರಿನ ಕಾರ್ಖಾನೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರು. ಊಟದ ಡಬ್ಬಿಯಲ್ಲಿ ಬಿಳಿ ಹತ್ತಿ ತಂದುಕೊಡುತ್ತಿದ್ದರು, ಅದನ್ನು ನಾವು ಗಣಪತಿಯ ಮುಂದೆ ಹಿಮಾಲಯ ಮಾಡಿ ಹಾಸುತ್ತಿದ್ದೆವು ಎಂದು ಬರೆದಿದ್ದೆ. ನೀವು ಮೆಚ್ಚಿ ಕಾಗದ ಬರೆದಿರಿ, ದುಡ್ಡನ್ನೂ ಕಳಿಸಿದಿರಿ. ಎಂಜಿನ್ ಉಳಿಸುವ ನಮ್ಮ ಸಮಿತಿಯ ಕಾರ್ಯದರ್ಶಿಗೆ ಅಲ್ಲಿಂದ ಒಂದು ಐಡಿಯಾ ಹೊಳೆಯಿತು. ದೊಡ್ಡ ದಾನಿಗಳಿಗೆಲ್ಲ ನೆನಪಿನ ಕಾಣಿಕೆ: ಒಂದು ಪುಟ್ಟ ಗಾಜಿನ ಬಾಟಲಿ, ಒಳಗೆ ಎಂಜಿನ್ನಿನ ಒಂದು ಚಿಟಿಕೆ ಬಿಳಿ ಹತ್ತಿ, ಜೊತೆಗೊಂದು ಕಾರ್ಡ್. ಕಾರ್ಡಿನ ಮೇಲೆ ನನ್ನ ಸಾಲುಗಳು.

ಬಾಟಲಿ ತುಂಬಿದ್ದು ಯಾರು? ಮತ್ತೆ ದೇವಮ್ಮನೇ. ಒಂದಿಡೀ ದಿನ ಕೂತು, ಬೆರಳಿನಿಂದ ಹಿಂಜಿ ಹಿಂಜಿ.

ದಿಂಬಿನಿಂದ ಒಂದು ತುಣುಕನ್ನು ಡಬ್ಬಿಗೆ ಹಾಕಿ, ರಸಾಯನಶಾಸ್ತ್ರ ಕಲಿಸುವ ಗೆಳೆಯನೊಬ್ಬನಿಗೆ ಕೊಟ್ಟೆ. ಅವಳ ಮನೆಯ ದಿಂಬನ್ನೂ ಮಾರನೇ ದಿನ ತರಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟೆ. ಮೊದಲು ಖಚಿತವಾಗಲಿ ಅಂತ ಅವಳಿಗೆ ಕಾರಣ ಹೇಳಲಿಲ್ಲ. ಪರೀಕ್ಷೆ ಆಗುವ ತನಕ ಆ ಕೆಲಸ ನಿಲ್ಲಿಸಿ ಅಂತ ಕಾರ್ಯದರ್ಶಿಗೆ ಹೇಳಿದೆ, ಆಗಲಿ ಅಂದರು. ಗುರುವಾರ ಗೆಳೆಯನ ಫೋನ್ ಬಂತು. ಅದು ಕಲ್ನಾರೇ.

ತಕ್ಷಣ ಕಾರ್ಯದರ್ಶಿಗೆ ತಿಳಿಸಿದೆ. ಕೆಟ್ಟ ಮನುಷ್ಯನಲ್ಲ, ನಿವೃತ್ತ ಇಂಜಿನಿಯರು, ಎಂಜಿನ್ನಿನ ಮೇಲೆ ಪ್ರಾಣ. ಕೇಳಿದವರೇ ಅಂದರು: “ಅಯ್ಯೋ ದೇವುಡಾ, ಡೋನರ್ಸ್!”

ಸಂಜೆಯೊಳಗೆ ಪ್ರತಿಯೊಬ್ಬ ದಾನಿಗೂ ಫೋನ್ ಹೋಯಿತು. ಬಾಟಲಿ ತೆರೆಯಬೇಡಿ, ಮಕ್ಕಳ ಕೈಗೆ ಸಿಗದ ಹಾಗಿಡಿ, ನಮ್ಮವರೇ ಬಂದು ಒಯ್ಯುತ್ತಾರೆ. ಮರುದಿನ ಕೊರಿಯರಿನವರು ಹೊರಟರು, ಕ್ಷಮೆ ಕೇಳುವ ಕಾಗದದ ಸಮೇತ. ಇಂಥ ಚುರುಕನ್ನು ನಾನು ಈ ಊರಿನ ಯಾವ ಸಂಸ್ಥೆಯಲ್ಲೂ ಕಂಡಿರಲಿಲ್ಲ. ನಿಜ ಹೇಳುತ್ತೇನೆ, ಹೆಮ್ಮೆಯೇ ಅನಿಸಿತು.

ಶನಿವಾರ ಅಂಗಳಕ್ಕೆ ಹೋದರೆ ದೇವಮ್ಮ ಮತ್ತು ಇನ್ನೂ ಏಳು ಜನ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಾಯ್ಲರಿನ ಇನ್ನೊಂದು ಮಗ್ಗುಲನ್ನು ಕೆರೆಯುತ್ತಿದ್ದರು.

“ನಿಮಗ ಯಾರೂ ಹೇಳಿಲ್ಲೇನು?”

“ಏನ್ ಹೇಳಬೇಕಿತ್ರಿ?” ಅಂದಳು ದೇವಮ್ಮ.

ಎಲ್ಲರನ್ನೂ ಕೆಳಗಿಳಿಸಿ, ಕೂರಿಸಿ, ನಮ್ಮ ಭಾಷೆಯಲ್ಲೇ ಹೇಳಿದೆ. ಒಬ್ಬ ಮುದುಕ ಬೀಡಿ ಹಚ್ಚುತ್ತ ನಕ್ಕ. “ಸಿಮಿಟ್ ತಿಂದು ತಿಂದು ನಮ್ಮ ಎದಿ ಸ್ಲ್ಯಾಬ್ ಆಗೈತ್ರಿ ಸರ. ಇದೇನ್ ಮಾಡ್ತೈತಿ?”

ದೇವಮ್ಮ ನಗಲಿಲ್ಲ. “ಹಂಗಾರ ನಾಳಿ ಕೆಲಸ ಇಲ್ಲೇನ್ರಿ?” ಅಂದಳು. ಮತ್ತೆ ಅವಳೇ, “ಮುಂದ ಎಂದರ ಕೆಮ್ಮು ಬಂತಂದ್ರ ದವಾಖಾನ್ಯಾಗ ಏನಂತ ಹೇಳಲಿ? ಹತ್ತಿ ಅಂದ್ರ ನಗ್ತಾರ. ಒಂದು ಚೀಟಿ ಬರಕೊಡ್ರಿ. ಇಂಥಾಕಿ ಇಲ್ಲಿ ಇದನ್ನ ಕಿತ್ತಾಳ ಅಂತ.”

ಎಂಎ ಇತಿಹಾಸ ಓದಿದ ನನಗೆ ಹೊಳೆಯದ್ದು ಶಾಲೆಯ ಮುಖ ನೋಡದ ಅವಳಿಗೆ ಹೊಳೆದಿತ್ತು.

ಸಮಿತಿಯ ಸಭೆ ಹಿಮಾಯತ್‌ನಗರದ ಒಂದು ಆಫೀಸಿನಲ್ಲಿ ಸೇರಿತು. ಕಾರ್ಯದರ್ಶಿ ನನ್ನನ್ನು ನೋಡಿದವರೇ ಶುರು ಮಾಡಿದರು. “ಕನ್ನಡದಲ್ಲಿ ಅವರಿಗೆ ಏನೇನೋ ಹೇಳಿ ಹೆದರಿಸಿದ್ದೀರಿ. ಅದಕ್ಕೆ ಮುಂಚೆ ನಮ್ಮನ್ನು ಒಂದು ಮಾತು ಕೇಳಬಾರದಿತ್ತಾ?”

ಉಳಿದ ಕೆಲಸವನ್ನು ತಜ್ಞರ ಕಂಪನಿಗೆ ಕೊಡುವುದೆಂದು ತೀರ್ಮಾನವಾಯಿತು. ಅವರು ಮೈತುಂಬ ಸೂಟು, ಮುಖಕ್ಕೆ ಫಿಲ್ಟರ್ ಹಾಕಿಕೊಂಡು ಬರುತ್ತಾರಂತೆ. ಒಳ್ಳೆಯದು. ದಾನಿಗಳ ಹೆಸರನ್ನು ಗ್ರಾನೈಟಿನ ಮೇಲೆ ಕೆತ್ತಿಸುವುದು ಕೂಡ ಪಾಸಾಯಿತು. ಸಂತೋಷ. ಎಂಟು ಜನರಿಗೆ ಎಂಟು ಕಾಗದ, ಹೆಸರು, ಕೆಲಸ ಮಾಡಿದ ದಿನಗಳು, ಕಿತ್ತದ್ದು ಏನು ಅಂತ ಬರೆದು ಸಹಿ ಹಾಕಿ ಕೊಡೋಣ ಅಂದೆ.

“ನಾಳೆ ಅದನ್ನೇ ಹಿಡಿದುಕೊಂಡು ಕೇಸ್ ಹಾಕುತ್ತಾರೆ,” ಅಂದರು ಕಾರ್ಯದರ್ಶಿ. ಆಮೇಲೆ ಬಲು ಮೃದುವಾಗಿ, “ನಿಮ್ಮ ಮನೆಯಲ್ಲೇ ಇತ್ತಲ್ಲ ಸರ್ ಇದು. ಗಣಪತಿ ಮುಂದೆ ಹಾಸಿದ್ದಿರಿ. ಏನಾಯಿತು ನಿಮಗೆ? ಗುಂಡುಕಲ್ಲಿನ ಹಾಗಿದ್ದೀರಿ.”

ಸಭೆ ನಕ್ಕಿತು. ಎಂಟು ಕಾಗದದ ಮಾತು ಅಲ್ಲಿಗೇ ಬಿದ್ದುಹೋಯಿತು.

ಮನೆಗೆ ಬಂದವನೇ ಕಲಬುರಗಿಯ ಅಕ್ಕನಿಗೆ ಫೋನ್ ಮಾಡಿದೆ. ಅಪ್ಪ ತರುತ್ತಿದ್ದ ಹತ್ತಿ ನೆನಪಿದೆಯಾ?

“ಅಪ್ಪ ಎಲ್ಲಿ ತಂದಿದ್ನೋ? ಗಣಪತಿ ಮುಂದ ಹಾಸಿದ್ದು ಗಾದಿ ಹತ್ತಿ. ಹರದ ಗಾದಿ ಬಿಚ್ಚಿ ನಾನಽ ಹಿಂಜಿದ್ದೆ. ನಿನಗಾಗ ಮೂರು ವರ್ಷ. ಪೇಪರ್‌ನಾಗ ಓದಿ ನಕ್ಕಿದ್ದೆ, ಬರಕೊಳ್ಳಿ ಬಿಡು ಅಂತ ಸುಮ್ಮನಿದ್ದೆ.” ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದಳು. “ಅಪ್ಪನ ಅಂಗಿ ಮಾತ್ರ ಅವ್ವ ಬ್ಯಾರೆ ಒಗೀತಿದ್ಲು. ಕೈ ತುರಸ್ತಾವ ಅಂತಿದ್ಲು.”

ಈಗ ಯಾವುದನ್ನು ನಂಬಲಿ? ನನ್ನ ಹಿಮಾಲಯವನ್ನೋ, ಅಕ್ಕನ ಗಾದಿಯನ್ನೋ? ಸಾಕ್ಷಿ ಇಲ್ಲದ ಒಂದು ವಾಕ್ಯವನ್ನೂ ಒಪ್ಪಬೇಡ ಅಂತ ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕಲಿತವನು, ಮೂರು ವರ್ಷದ ಮಗುವಿನ ನೆನಪನ್ನು ಕಾರ್ಡಿನ ಮೇಲೆ ಅಚ್ಚು ಹಾಕಿಸಿ ಚಂದಾ ಎತ್ತಿದೆ. ಅವ್ವ ಕೊನೆಯ ಐದು ವರ್ಷ ಕೆಮ್ಮಿ ಕೆಮ್ಮಿಯೇ ಹೋದಳು. ಒಲೆಯ ಹೊಗೆ ಅಂದೆವು. ಆ ಅಂಗಿಗೂ ಕೆಮ್ಮಿಗೂ ಸಂಬಂಧ ಇತ್ತೇ? ಗೊತ್ತಿಲ್ಲ. ಇತ್ತು ಅಂತ ಬರೆಯಲಾರೆ. ಅಪ್ಪ ಏನು ಮುಟ್ಟುತ್ತಿದ್ದರು, ಎಷ್ಟು ವರ್ಷ ಮುಟ್ಟಿದರು ಅನ್ನುವುದಕ್ಕೆ ಒಂದು ಸಾಲಿನ ಕಾಗದವೂ ನಮ್ಮ ಮನೆಯಲ್ಲಿಲ್ಲ. ಇರುವುದು ನೆನಪು. ಅದೂ ಒಬ್ಬೊಬ್ಬರಿಗೆ ಒಂದೊಂದು.

ಮೂವತ್ತು ವರ್ಷದ ನಂತರ ದೇವಮ್ಮನ ಮಗಳು ಯಾವುದೋ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು ಹೀಗೇ ತಡವರಿಸಬೇಕೇ? ಅವ್ವ ಏನೋ ಹತ್ತಿ ಕೀಳುತ್ತಿದ್ದಳಂತೆ, ಅದು ಹೈದರಾಬಾದೋ ಮತ್ತೆಲ್ಲೋ, ಅಂತ? ಸಮಿತಿಗೆ ಬೇಕಿರುವುದು ಅದೇ.

ದೇವಮ್ಮ ಈಗ ಆ ಅಂಗಳದಲ್ಲಿಲ್ಲ. ಬೇರೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾಳೆ. ಆದ್ದರಿಂದ ಇಲ್ಲೇ ಬರೆಯುತ್ತೇನೆ. ಯಾದಗಿರಿ ಕಡೆಯ ದೇವಮ್ಮ, ಅವಳ ಜೊತೆಗಿನ ಏಳು ಜನ, ಎರಡು ತಿಂಗಳು, ಬರಿಗೈಯಲ್ಲಿ, ಈ ಎಂಜಿನ್ನಿನ ಕಲ್ನಾರು ಕಿತ್ತರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಒಂದರ ಬಗ್ಗೆ ನನಗೆ ಅನುಮಾನವಿಲ್ಲ.

ಆದರೆ ಪತ್ರಿಕೆಯ ತುಂಡನ್ನು ಕೋರ್ಟಿನಲ್ಲಿ ಯಾರು ಕೇಳುತ್ತಾರೆ? ಸಹಿ ಬೇಕು, ಮೊಹರು ಬೇಕು. ಸಮಿತಿಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ದಾನಿಗಳಾದ ನಿಮ್ಮ ಹೆಸರು ಹೇಳಿದರೆ ಅವರು ಎದ್ದು ನಿಲ್ಲುತ್ತಾರೆ, ಅದನ್ನು ನೋಡಿದ್ದೇನೆ.

ನನ್ನ ಮಾತು ನಂಬಿ ದುಡ್ಡು ಕೊಟ್ಟವರೇ, ಆ ಎಂಟು ಕಾಗದಕ್ಕೆ ಸಹಿ ಬೀಳುವ ತನಕ ಎಂಜಿನ್ನಿಗೆ ಇನ್ನೊಂದು ರೂಪಾಯಿ ಕೊಡಬೇಡಿ.