ಜೀವದಿಂದ ಬಂದ ನೂಲು

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಏಳುತ್ತಿದ್ದುದು ಅಪ್ಪನ ಕೈ. ಸಾರಿಗೆ ಉಪ್ಪು ಕಡಿಮೆಯಾದರೆ ಏಟು, ಹೆಚ್ಚಾದರೂ ಏಟು, ಸರಿಯಾಗಿದ್ದರೆ ಅವತ್ತು ಬೇರೆ ಯಾವುದಕ್ಕಾದರೂ ಏಟು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಅಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದ. ಮೊಣಕೈವರೆಗೆ ಎರಡೂ ಕೈ ಕಪ್ಪು, ಉಗುರಿನ ಸಂದಿಯಲ್ಲೂ ಕಪ್ಪು. ಸೀರೆಯ ಕಪ್ಪು ನೂಲೆಂದರೆ ಅವನ ಕೈಯದೇ ಆಗಬೇಕೆಂದು ರಬಕವಿಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಬಂದವರೆಲ್ಲ ಆ ಕೈಯನ್ನು ಹೊಗಳುತ್ತಿದ್ದರು. ಒಳಗೆ ಅವ್ವ ಅದೇ ಕೈಯ ಗುರುತಿನ ಮೇಲೆ ಸೆರಗು ಎಳೆದುಕೊಂಡು ಅವರಿಗೆ ಚಹಾ ಸೋಸುತ್ತಿದ್ದಳು.

ಹಿತ್ತಲಲ್ಲಿ ತಗಡಿನ ಮಾಡು, ಅದರಡಿ ಬಣ್ಣದ ಹಂಡೆಗಳು. ಬಣ್ಣದ ಪುಡಿ ನೀರಿಗೆ ಬೆರೆಯಬೇಕೆಂದರೆ ಕಾಸ್ಟಿಕ್ ಸೋಡಾ ಹಾಕಬೇಕು. ಬಿಳಿ ಚಕ್ಕೆಗಳು, ನೀರಿಗೆ ಬಿದ್ದೊಡನೆ ನೀರೇ ಬಿಸಿಯಾಗುತ್ತದೆ. ಹತ್ತಿ ನೂಲಿಗೆ ಅದು ಏನೂ ಮಾಡುವುದಿಲ್ಲ. ನಮ್ಮ ಚರ್ಮಕ್ಕೆ ಒಂದು ಹನಿ ಸಿಡಿದರೆ ಬೊಬ್ಬೆ ಏಳುತ್ತಿತ್ತು. ಅಪ್ಪನ ಕೈ ಮಾತ್ರ ಸುಟ್ಟು ಸುಟ್ಟು ಜಡ್ಡುಗಟ್ಟಿತ್ತು.

ಅಪ್ಪನ ಜೊತೆ ಹಂಡೆಯ ಮುಂದೆ ದುಡಿಯುತ್ತಿದ್ದವನು ಅವನ ತಮ್ಮ, ನಮ್ಮ ಕಾಕಾ. ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದ. ಹೊಡೆತ ತಿನ್ನುವುದರಲ್ಲಿ ಅವ್ವನದು ಒಂದನೇ ಪಾಳಿಯಾದರೆ ಅವನದು ಎರಡನೆಯದು. ಒಂದು ಬೇಸಿಗೆಯಲ್ಲಿ ಗಿರಾಕಿಯೊಬ್ಬ ಇಟ್ಟುಹೋಗಿದ್ದ ಖರೆ ರೇಷ್ಮೆ ನೂಲಿನ ಲಡಿಗಳನ್ನು ಕಾಕಾ ನೋಡದೆ ಹತ್ತಿ ನೂಲಿನ ಜೊತೆ ಕುದಿಯುವ ಹಂಡೆಗೆ ಇಳಿಸಿಬಿಟ್ಟ. ಬಿದಿರಿನ ಗಳದಿಂದ ಎತ್ತಿದಾಗ ಹತ್ತಿ ಮೇಲೆ ಬಂತು. ರೇಷ್ಮೆ ಲೋಳೆಯಾಗಿ ಜಾರಿ ಹಂಡೆಗೇ ಬಿತ್ತು. ಅಪ್ಪ ಅದೇ ಗಳ ಕಸಿದುಕೊಂಡು ತಮ್ಮನನ್ನು ಹಿತ್ತಲ ಗೋಡೆಗೆ ಒತ್ತಿ ಬಾರಿಸಿದ. ಕಾಕಾನ ಕಿವಿಯಿಂದ ರಕ್ತ ಬಂದು ಅಂಗಿಯ ಕಾಲರ್ ತೋಯ್ದಿತು.

"ಜೀವದಿಂದ ಬಂದ ನೂಲಲೇ ಅದು," ಅನ್ನುತ್ತಿದ್ದ ಅಪ್ಪ, ಒಂದೊಂದು ಏಟಿಗೆ ಒಂದೊಂದು ಸಲ. "ಜೀವದಿಂದ ಬಂದಿದ್ದಕ್ಕ ಕಾಸ್ಟಿಕ್ ತಡಿಯೂದಿಲ್ಲ. ಎಷ್ಟ ಸಲ ಹೇಳಬೇಕಲೇ ನಿನಗ?"

ದೊಣ್ಣೆ ಇದ್ದವನದೇ ಎಮ್ಮೆ, ನಮ್ಮ ಮನೆಯಲ್ಲಿ ಗಳ ಇದ್ದವನದೇ ನ್ಯಾಯ.

ಅಕ್ಕನಿಗೆ ಆಗ ಇಪ್ಪತ್ತರ ಆಸುಪಾಸು, ನಾನು ಇನ್ನೂ ಸಾಲೆಗೆ ಹೋಗುವ ಹುಡುಗಿ. ಅಕ್ಕನ ಕೂದಲು ಮಂಡಿಯ ತನಕ ಇತ್ತು. ಓಣಿಯ ಹೆಂಗಸರು ಅದನ್ನು ಮುಟ್ಟಿ ನೋಡಲೆಂದೇ ನಮ್ಮಲ್ಲಿಗೆ ಬರುತ್ತಿದ್ದರು. ಆದರೆ ಯಾವ ಹಾಳುಗಳಿಗೆಯೋ, ಆ ವಯಸ್ಸಿಗೇ ಹಣೆಯ ಮೇಲಿನಿಂದ ನೆತ್ತಿಯವರೆಗೆ ಬೆಳ್ಳಗಾಗತೊಡಗಿತು. ನೋಡಲು ಬಂದ ಎರಡು ಕಡೆಯವರು ಉಪ್ಪಿಟ್ಟು ತಿಂದು, ಹುಡುಗಿಯ ಖರೆ ವಯಸ್ಸು ಎಷ್ಟೆಂದು ಕೇಳಿ ಎದ್ದುಹೋದರು. ಮೂರನೆಯವರು ಮುಧೋಳದಿಂದ ಬರುವವರಿದ್ದರು, ಹುಡುಗನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಅವ್ವ ಅಂಗಡಿಯಿಂದ ಕೂದಲು ಕಪ್ಪಾಗಿಸುವ ಪುಡಿಯ ಪಾಕೀಟು ತರಿಸಿ ಹಚ್ಚಿದಳು. ಮರುದಿನ ಬೆಳಿಗ್ಗೆ ಅಕ್ಕನ ಕಿವಿ ಬದನೆಕಾಯಿಯ ಹಾಗೆ ಊದಿ ಕೀವು ಜಿನುಗುತ್ತಿತ್ತು. ಆ ಕಪ್ಪು ಪುಡಿಯಲ್ಲಿರುವ ರಾಸಾಯನಿಕ ಈ ಹುಡುಗಿಗೆ ಒಗ್ಗುವುದಿಲ್ಲ, ಮತ್ತೆ ಮುಟ್ಟಬೇಡಿ ಎಂದರು ಡಾಕ್ಟರು.

ಅಪ್ಪ ಉಳಿದ ಪಾಕೀಟುಗಳನ್ನು ಅಂಗಡಿಯವನ ಮುಖಕ್ಕೆ ಎಸೆದು, ಅವನ ಅಂಗಿ ಹರಿದು ಬಂದ.

"ಅದರಾಗ ಏನ ತುಂಬ್ಯಾನೋ ಆ ಮಗಾ, ಯಾರಿಗೆ ಗೊತ್ತು?" ಅಂದ. "ನನ್ನ ಬಣ್ಣದಾಗ ಏನೇನೈತಿ ಅನ್ನೂದು ನನಗ ಗೊತ್ತೈತಿ. ನಾನ ಹಾಕತೇನಿ ನನ್ನ ಮಗಳಿಗೆ."

ಅವನ ಆ ಮೊದಲ ಮಾತು ತಪ್ಪೇನಲ್ಲ. ಒಳಗೆ ಏನಿದೆಯೆಂದು ತಿಳಿಯದೆ ತಲೆಗೆ ಹಚ್ಚಬಾರದು ಎಂದು ಇವತ್ತು ನಾನೂ ಹೇಳುತ್ತೇನೆ. ಆದರೆ ಏನಿದೆಯೆಂದು ಗೊತ್ತಿದ್ದೂ ಹಚ್ಚಿದನಲ್ಲ, ಅದನ್ನು ನಾನು ಈಗಲೂ ಕ್ಷಮಿಸಿಲ್ಲ. ನೂಲು ನೋಡಿ ನೋಡಿ ಅವನ ಕಣ್ಣಿಗೆ ಮಗಳ ಜಡೆಯೂ ಒಂದು ಲಡಿಯಾಗಿಯೇ ಕಂಡಿತು.

ಹಂಡೆಯ ನೀರನ್ನೇ ಸ್ವಲ್ಪ ಆರಿಸಿ ಬೋಗುಣಿಗೆ ತೆಗೆದ. ಅಕ್ಕನನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿದ. ಅವತ್ತು ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಅದೇ ನನಗೆ ವಿಚಿತ್ರವಾಗಿ ಕಂಡಿತು. "ಮುಧೋಳದವರು ನೋಡೇ ನೋಡತಾರ, ಕಾಗಿಗಿಂತ ಕರ್ರಗ ಮಾಡತೇನಿ," ಎಂದು ನಗುತ್ತ ಬಟ್ಟೆಯ ಉಂಡೆ ಅದ್ದಿ ಬೈತಲೆಯಿಂದ ಹಚ್ಚತೊಡಗಿದ.

"ಎಪ್ಪಾ, ಉರಿತೈತಿ," ಅಂದಳು ಅಕ್ಕ.

"ಬಣ್ಣ ಹತ್ತೂತನಾ ಉರಿತೈತಿ. ಸುಮ್ನ ಕುಂದ್ರು."

"ಎಪ್ಪಾ, ಭಾಳ ಉರಿತೈತಿ."

ಅವಳು ಏಳಲು ಹೋದಳು. ಅಪ್ಪ ಎಡಗೈಯಿಂದ ಅವಳ ಕುತ್ತಿಗೆ ಹಿಡಿದು ಅದುಮಿದ. ಬಲಗೈ ಹಚ್ಚುತ್ತಲೇ ಇತ್ತು. ಬಿಡಿಸಲು ಹೋದ ಅವ್ವನನ್ನು ಮೊಣಕೈಯಿಂದ ತಿವಿದ, ಅವಳು ಸೌದೆಯ ರಾಶಿಯ ಮೇಲೆ ಬಿದ್ದಳು. ಅಕ್ಕ ಕಿರುಚತೊಡಗಿದಳು. ಕಿರುಚಿದಷ್ಟೂ ಅವನ ಹಿಡಿತ ಬಿಗಿಯಾಯಿತು, ಏಕೆಂದರೆ ಕಿರುಚುವವರನ್ನು ಸುಮ್ಮನಾಗಿಸಲು ಅವನಿಗೆ ಗೊತ್ತಿದ್ದುದು ಅದೊಂದೇ. ನಾನು ಅವನ ತೊಡೆ ಕಚ್ಚಿದೆ. ಒದ್ದ. ಕೆಳಗೆ ಬಿದ್ದಲ್ಲಿಂದಲೇ ನಾನು ನೋಡಿದೆ, ಅವನ ಕೈಯಲ್ಲಿದ್ದ ಬಟ್ಟೆಯ ಜೊತೆ ಅಕ್ಕನ ಕೂದಲೂ ಲೋಳೆಯಾಗಿ ಎದ್ದು ಬರುತ್ತಿತ್ತು.

ಚೀರಾಟ ಕೇಳಿ ಕಾಕಾ ಓಡಿಬಂದ. ಆ ಲೋಳೆ ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೋಡೆಗೆ ಒರಗಿಸಿದ್ದ ಗಳ ತೆಗೆದುಕೊಂಡು ಅಣ್ಣನ ಬಲಗೈ ಮೇಲೆ ಬೀಸಿದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಮತ್ತೆ ಬೀಸಿದ, ಮತ್ತೂ ಬೀಸಿದ. ಹುಟ್ಟಿದಾಗಿನಿಂದ ತಿಂದ ಏಟನ್ನೆಲ್ಲ ಆ ಒಂದು ಕೈಗೆ ವಾಪಸು ಕೊಟ್ಟ.

"ಕೂದಲಾ ಎದರಿಂದ ಬರತಾವೋ ಅಣ್ಣಾ?" ಎಂದು ಕೇಳಿದ. "ಹತ್ತಿ ಗಿಡದಾಗ ಬರತಾವೇನೋ?"

ಅಪ್ಪ ಮುರಿದ ಕೈ ಹಿಡಿದುಕೊಂಡು, ನೆಲದ ಮೇಲೆ ಬಿದ್ದಿದ್ದ ಕೂದಲಿನ ಮುದ್ದೆಯನ್ನು ನೋಡುತ್ತ ಕುಳಿತುಬಿಟ್ಟ. ಕಾಕಾ ಗಳ ಬಿಸಾಡಿ ಅಕ್ಕನ ತಲೆಯನ್ನು ನಳದ ಕೆಳಗೆ ಹಿಡಿದ. ಬಣ್ಣದ ನೀರು ಎಡಗಣ್ಣಿಗೂ ಇಳಿದಿತ್ತು. ಅವಳು ಕಣ್ಣು ಮುಚ್ಚಿಕೊಂಡು ಒದ್ದಾಡುತ್ತಿದ್ದರೂ ಬಿಡದೆ ರೆಪ್ಪೆ ಬಿಡಿಸಿ ನೀರು ಬಿಟ್ಟ. ನಳ ನಿಂತಮೇಲೆ ಟಾಕಿಯ ನೀರು, ಟಾಕಿ ತಳ ಕಂಡಮೇಲೆ ಪಕ್ಕದ ಮನೆಯ ಕೊಡಗಳು. ನಾನು ಕೊಡ ಹೊರುತ್ತಲೇ ಇದ್ದೆ. ಆಮೇಲೆ ಯಾರದೋ ಟೆಂಪೋದಲ್ಲಿ ಜಮಖಂಡಿಗೆ ಒಯ್ದರು. ಇಷ್ಟು ನೀರು ಬಿಟ್ಟಿದ್ದಕ್ಕೆ ಕಣ್ಣು ಉಳಿಯಿತು ಎಂದರು ಅಲ್ಲಿನ ಡಾಕ್ಟರು. ಹಣೆಯಿಂದ ನೆತ್ತಿಯವರೆಗಿನ ಚರ್ಮ ಮಾತ್ರ ಸುಟ್ಟು ಮಾಯ್ದು, ಅಲ್ಲಿ ಮುಂದೆಂದೂ ಒಂದು ಕೂದಲು ಹುಟ್ಟಲಿಲ್ಲ. ಮುಧೋಳದವರು ಸುದ್ದಿ ಕೇಳಿ ಬರುವುದನ್ನೇ ಬಿಟ್ಟರು.

ಅಪ್ಪನ ಕೈ ನೆಟ್ಟಗೆ ಕೂಡಲಿಲ್ಲ. ಭುಜದ ಮೇಲೆ ಏಳುತ್ತಿರಲಿಲ್ಲ. ಹೇಗೆ ಮುರಿಯಿತೆಂದು ಯಾರು ಕೇಳಿದರೂ ತಮ್ಮನ ಹೆಸರು ಹೇಳಲಿಲ್ಲ, ಸಾಯುವತನಕ ಅಕ್ಕನ ಮುಖ ನೋಡಿ ಮಾತಾಡಲೂ ಇಲ್ಲ. ನಮ್ಮ ಮನೆ ತಣ್ಣಗಾಯಿತು. ಅವನಿಗಾಗಿ ನಾನು ಮರುಗಲಿಲ್ಲ, ಈಗಲೂ ಮರುಗುವುದಿಲ್ಲ.

ನಾನು ಕಲಿತದ್ದು ಹೆಂಗಸರ ತಲೆಯ ಕೆಲಸವನ್ನೇ. ಜಮಖಂಡಿಯಲ್ಲಿ ನನ್ನದೊಂದು ಪಾರ್ಲರ್ ಇದೆ. ಅಕ್ಕ ನನ್ನ ಜೊತೆಗೇ ಇದ್ದಾಳೆ, ತಲೆತುಂಬ ಸೆರಗು ಹೊದ್ದು ಹುಬ್ಬು ತೀಡುತ್ತಾಳೆ. ಬಾಯಿ ಸತ್ತವಳೆಂದೇ ಗಿರಾಕಿಗಳು ತಿಳಿದಿದ್ದಾರೆ. ಮಾತೆಲ್ಲ ನನ್ನದು, ಸಿಟ್ಟೂ ನನ್ನದೇ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದದೆ ನಾನು ಯಾವುದನ್ನೂ ಒಳಗೆ ಬಿಡುವುದಿಲ್ಲ. ಕೂದಲು ನೆಟ್ಟಗೆ ಮಾಡುವ ಕ್ರೀಮೊಂದನ್ನು ತಂದ ಮಾರಾಟದವನು ಇದರಲ್ಲಿ ಕಣ್ಣುರಿಸುವ ಫಾರ್ಮಲಿನ್ ಇಲ್ಲವೇ ಇಲ್ಲ ಅಂದ. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬಂತು. ಡಬ್ಬಿಯನ್ನು ಅವನ ಎದೆಗೇ ಬೀಸಿ ಒಗೆದೆ.

ಒಂದು ಮಧ್ಯಾಹ್ನ ಮುಧೋಳದ ಕಡೆಯ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಚೆಂದದ ಗುಂಗುರು ಕೂದಲು. ಮಾರನೇ ದಿನ ನೋಡಲು ಬರುವವರಿದ್ದರು, ಅಷ್ಟರಲ್ಲಿ ನೆಟ್ಟಗಾಗಬೇಕಿತ್ತು. ಕ್ರೀಮನ್ನು ಅವಳೇ ತಂದಿದ್ದಳು. ಹಿಂದೆ ತಿರುಗಿಸಿ ಓದಿದೆ, ಸೋಡಿಯಂ ಹೈಡ್ರಾಕ್ಸೈಡ್. ನಮ್ಮ ಹಿತ್ತಲ ಕಾಸ್ಟಿಕ್ ಸೋಡಾದ ಓದಿಕೊಂಡವರ ಹೆಸರು ಅದು. ನಾನು ಹಚ್ಚುವುದಿಲ್ಲ ಅಂದೆ.

"ನೀ ಹಚ್ಚಲಿಲ್ಲಂದ್ರ ನನಗ ಕೈ ಇಲ್ಲೇನು?" ಎಂದು ಆಕೆ ತಾನೇ ಡಬ್ಬಿಗೆ ಬೆರಳು ಹಾಕಿ ಮಗಳ ಬೈತಲೆಗೆ ತಿಕ್ಕಿದಳು.

"ಯವ್ವಾ, ಉರಿತೈತಿ," ಅಂದಳು ಹುಡುಗಿ.

"ಸುಮ್ನ ಕುಂದ್ರು," ಎಂದು ತಾಯಿ ಅವಳ ಕುತ್ತಿಗೆ ಅದುಮಿದಳು.

ಆಮೇಲೆ ನಾನು ನಾನಾಗಿರಲಿಲ್ಲ. ಆ ಹೆಂಗಸಿನ ತುರುಬಿಗೆ ಕೈ ಹಾಕಿ ಎಳೆದೆ. ಅವಳು ಕನ್ನಡಿಯ ಹಲಗೆಗೆ ಬಡಿದು ಬಿದ್ದಳು, ಬಾಟಲಿಗಳು ಅವಳ ಮೈಮೇಲೆ ಉರುಳಿದವು. ಹಣೆ ಒಡೆಯಿತು. ನನಗೆ ಅಷ್ಟು ಸಾಲಲಿಲ್ಲ. ಎಡಗೈಯಿಂದ ಅವಳ ಕುತ್ತಿಗೆ ಹಿಡಿದು ಬಲಗೈ ಎತ್ತಿದೆ.

ಒಳಗಿನಿಂದ ಅಕ್ಕ ಬಂದಳು. ಮೊದಲು ಹುಡುಗಿಯನ್ನು ಎಬ್ಬಿಸಿ ಅವಳ ತಲೆಯನ್ನು ನಳದ ಕೆಳಗೆ ಹಿಡಿದಳು. ನೀರು ಸುರಿಯುತ್ತಿರುವಂತೆಯೇ ಇನ್ನೊಂದು ಕೈಯಿಂದ ತನ್ನ ಸೆರಗು ಜಾರಿಸಿದಳು. ಹೆಂಗಸು ನೆಲದಿಂದಲೇ ಆ ಬೋಳು ನೆತ್ತಿಯನ್ನು, ಸುಟ್ಟು ಸುಕ್ಕುಗಟ್ಟಿದ ಚರ್ಮವನ್ನು ನೋಡಿದಳು.

"ಇದನ್ನ ಮಾಡಿದಾವ ನಮ್ಮಪ್ಪ," ಅಂದಳು ಅಕ್ಕ. "ಭಾಳ ಪ್ರೀತಿಲೆ ಮಾಡಿದ."

ಹೆಂಗಸು ಅಳತೊಡಗಿದಳು. ನನ್ನ ಕೈ ಇನ್ನೂ ಮೇಲೆಯೇ ಇತ್ತು. ಅಕ್ಕ ಹುಡುಗಿಯ ತಲೆ ತೊಳೆಯುವುದನ್ನು ನಿಲ್ಲಿಸದೆ ನನ್ನ ಕಡೆ ನೋಡಿದಳು.

"ನೀನೂ ಕೈ ಇಳಸು," ಅಂದಳು. "ಅಪ್ಪಂದು ಮುರದ ಮ್ಯಾಲ ಇಳೀತು."