ಪೊಲೀಸ್ ಠಾಣೆ ಇಲ್ಲದ ಕಾನೂನು

ಹಾವೇರಿಯ ಕಾಲೇಜಿನಲ್ಲಿ ನಮಗೆ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತಿದ್ದ ಸರ್ ಅವರ ವಿಷಯಕ್ಕೇ ಸಂಚಕಾರ ತಂದದ್ದು ನನ್ನ ಬಾಯಿ. ಅವರು ಕನ್ನಡಕ ಹಣೆಗೇರಿಸಿ, ‘ತತ್ವ ಪುಸ್ತಕದಾಗ ಇರೂದಿಲ್ರೋ, ನಡತ್ಯಾಗ ಇರತೈತಿ’ ಎನ್ನುವುದನ್ನು ನಾನು ಥೇಟ್ ಹಾಗೇ ಮಾಡಿ ತೋರಿಸುತ್ತಿದ್ದೆ. ನನ್ನ ಕೋತಿ ಮೂತಿಗೆ ಅವರ ಗಾಂಭೀರ್ಯ ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ. ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ವೇದಿಕೆ ಹತ್ತಿ ಅದೇ ದನಿ ತೆಗೆದು, ‘ಈ ಕಾನೂನಿನ ಪೊಲೀಸ್ ಠಾಣೆ ಎಲ್ಲಿ ಐತ್ರೋ?’ ಎಂದೆ.

ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಲೇಜಿನ ಅಧ್ಯಕ್ಷರು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ‘ಹುಡುಗ ಖರೇ ಹೇಳ್ಯಾನ. ಪೊಲೀಸ್ ಇಲ್ಲದ ಕಾನೂನು ಯಾಕ ಬೇಕು? ಈ ವಿಷಯಾನ ಬಂದ್ ಮಾಡೂಣು’ ಎಂದುಬಿಟ್ಟರು.

ಸರ್ ಎದ್ದು ಕನ್ನಡಕ ಹಣೆಗೇರಿಸಿದರು. ‘ಸಾಹೇಬ್ರ, ಮುಂಬೈ ವ್ಯಾಪಾರಿಗಳಿಗೆ ಫೋನಿನ್ಯಾಗ ಮೆಣಸಿನಕಾಯಿ ದರಾ ಒಪ್ಪತೀರಿ. ಮರುದಿನ ದರಾ ಏರಿದ್ರ ಲಾರಿ ತಡೀತೀರೇನ್ರಿ?’

‘ಛೇ! ಮಾತು ಕೊಟ್ಟಿರ್ತೇನಲ್ರಿ!’

‘ಪೊಲೀಸರ ಅಂಜಿಕಿಗೇನ್ರಿ?’

‘ಪೊಲೀಸರು ಯಾಕ್ರಿ?’ ಅಧ್ಯಕ್ಷರು ಎದೆಯುಬ್ಬಿಸಿದರು. ‘ಮಾತು ತಪ್ಪಿದವನ ಕೂಡ ನಾಳೆ ಯಾರು ವ್ಯಾಪಾರ ಮಾಡ್ತಾರ?’

ಹುಡುಗರ ಶಿಳ್ಳೆಗಳ ನಡುವೆ ಸರ್ ಕೈಮುಗಿದು ಆಡಿದ ಮಾತಿಗೆ ನಮ್ಮ ವಿಷಯ ಉಳಿಯಿತು: ‘ದೇಶದೇಶದ ನಡುವಿನ ಕಾನೂನೂ ಹಿಂಗ ಕೊಟ್ಟ ಮಾತಿನ ಮ್ಯಾಲೇ ನಿಂತೈತ್ರಿ. ಬಂದ್ ಮಾಡೂದಾದ್ರ ಮೊದಲ ನಿಮ್ಮ ಅಂಗಡಿ ಬಂದ್ ಮಾಡ್ರಿ!’