ಚಾವಡಿಯ ತಟ್ಟಿ ಮತ್ತು ಹೂವಿನಕೋಲು

ನಮ್ಮ ಬಸ್ರೂರಿನ ಮನೆಗೆ ನವರಾತ್ರಿಯಲ್ಲಿ ಹೂವಿನಕೋಲಿನವರು ತಪ್ಪದೆ ಬರುತ್ತಿದ್ದರು. ಒಬ್ಬ ಭಾಗವತರು, ಒಬ್ಬ ಮದ್ದಳೆಯವರು, ಹೂ ಕಟ್ಟಿದ ಕೋಲು ಹಿಡಿದ ಇಬ್ಬರು ಹುಡುಗರು. ಹುಡುಗರು ಚಾವಡಿಯಲ್ಲಿ ಎದುರುಬದುರು ಕುಳಿತು ಯಕ್ಷಗಾನದ ಅರ್ಥ, ಎಂದರೆ ಪಾತ್ರಗಳ ಮಾತು, ಹೇಳುವರು, ಕೊನೆಗೆ ಭಾಗವತರು ಮನೆಯನ್ನು ಹರಸುವರು. ಮನೆಗೊಂದು ಹರಿವಾಣ ಅಕ್ಕಿ, ಕಾಯಿ ಕೊಡುವುದು ಪದ್ಧತಿ.

ಅರವತ್ತರ ದಶಕ, ನಾನು ಆರನೇ ಕ್ಲಾಸು. ಆ ವರ್ಷ ಅಪ್ಪ, ದೊಡ್ಡಪ್ಪ ಆಸ್ತಿ ಹಂಚಿಕೊಂಡು ಪಾಲಾದರು. ಗದ್ದೆಗೆ ಅಂಚು ಹಾಕಿದ್ದು ಸಾಲದೆಂದು ಚಾವಡಿಯ ನಡುವೆಯೂ ಉದ್ದಕ್ಕೆ ಬಿದಿರಿನ ತಟ್ಟಿ ಕಟ್ಟಿದರು. ಇಬ್ಬರಿಗೂ ಮಾತಿಲ್ಲ. ಅಜ್ಜಿ ನಮ್ಮ ಪಾಲಿಗೆ ಬಂದಳು. ಆಚೆ ದೊಡ್ಡಪ್ಪ ಕೆಮ್ಮಿದರೆ ಈಚೆ ಇವಳು ತಲೆಯೆತ್ತುವಳು. ಇಬ್ಬರು ಮಕ್ಕಳೂ ಒಟ್ಟಿಗೆ ಕೂತದ್ದನ್ನು ಕಂಡೇ ಸಾಯಬೇಕೆಂಬುದೊಂದೇ ಅವಳ ಹಂಬಲ. ತಟ್ಟಿ ಕಟ್ಟಿದಂದಿನಿಂದ ಊಟಕ್ಕೆ ಕೂತರೆ ಅರ್ಧ ಸೌಟು ಗಂಜಿಗೇ ಸಾಕೆನ್ನುತ್ತಿದ್ದಳು. ನನಗಂತೂ ಇಬ್ಬರು ಗಂಡಸರ ಮೇಲೂ ಕೋಪವಿತ್ತು. ದೊಡ್ಡಪ್ಪನ ಮಗಳ ಜೊತೆ ಕಲ್ಲಾಟ ಆಡಲು ಮನೆಗೇ ಸುತ್ತು ಹಾಕಬೇಕಿತ್ತು.

ಮಹಾನವಮಿಯ ಮಧ್ಯಾಹ್ನ, ಪಾಲಾದ ಸುದ್ದಿ ತಿಳಿಯದ ಭಾಗವತರು ಮೆಟ್ಟಿಲು ಹತ್ತಿ ನಿಂತರು.

"ಹ್ವಾಯ್, ಇದೆಂತಕೆ ನಡುಗೆ ತಟ್ಟಿ? ಮಕ್ಕಳ್ ಎದ್ರುಬದ್ರು ಕೂಕಂಬ್ದ್ ಹ್ಯಾಂಗೆ? ತೆಗ್ದ್ ಬದಿಗಿಡಿ ಕಾಂಬ."

ಮನೆಯವರಿಗೆ ಪಾಲಾಗಿದೆ ಎನ್ನಲು ನಾಚಿಕೆ, ಹೂವಿನಕೋಲನ್ನು ಬಾಗಿಲಿಂದ ಹಿಂದಕ್ಕೆ ಕಳಿಸಲು ಭಯ. ತಟ್ಟಿಯೋ ಒಬ್ಬರಿಂದ ಏಳುವಂಥದ್ದಲ್ಲ. ಕಡೆಗೆ ಅಪ್ಪ ಈ ತುದಿ ಹಿಡಿದರು, ದೊಡ್ಡಪ್ಪ ಆ ತುದಿ.

"ನಿಧಾನ, ಕಂಬಕ್ಕೆ ತಾಗ್ತ್" ಎಂದರು ದೊಡ್ಡಪ್ಪ. ಪಾಲಾದ ಮೇಲೆ ಅದೇ ಮೊದಲ ಮಾತು.

ಅಪ್ಪ, ದೊಡ್ಡಪ್ಪ ಒಂದೇ ಚಾಪೆಯಲ್ಲಿ ಕೂತರು. ಪ್ರಸಂಗ ಯಾವುದೋ ಮರೆತಿದೆ. ಒಬ್ಬ ಹುಡುಗ ಹೇಳಬೇಕಾದ ಮಾತು ತಪ್ಪಿ, ಕೋಲಿನ ಹೂ ಕೀಳುತ್ತಿದ್ದ. ಅಜ್ಜಿ ಹುಡುಗರತ್ತ ನೋಡಲೇ ಇಲ್ಲ, ತನ್ನಿಬ್ಬರು ಮಕ್ಕಳನ್ನೇ ನೋಡುತ್ತಿದ್ದಳು. ಅಮ್ಮ, ದೊಡ್ಡಮ್ಮ ಇಬ್ಬರೂ ಬೇರೆ ಬೇರೆ ಹರಿವಾಣ ತಂದಾಗ ಭಾಗವತರು ಪಿಳಿಪಿಳಿ ಕಣ್ಣು ಬಿಟ್ಟರು. ಎರಡನ್ನೂ ಒಂದೇ ಚೀಲಕ್ಕೆ ಸುರಿದುಕೊಂಡು, ಒಂದೇ ಮನೆಯೆಂದು ಹರಸಿ ಹೊರಟರು.

ಅವರು ಗದ್ದೆಯಂಚು ದಾಟುವುದರೊಳಗೆ ಅಣ್ಣತಮ್ಮಂದಿರು ತಟ್ಟಿಯನ್ನೆತ್ತಿ ಮೊದಲಿನಂತೆಯೇ ಕಟ್ಟಿದರು. ಈ ಸಲ ಮಾತಿಲ್ಲ. ನನಗೆ ಅಳು ಬಂತು.

ಅಜ್ಜಿ ಅಳಲಿಲ್ಲ. ಮಾರನೆಯ ಬೆಳಿಗ್ಗೆ ಗಂಜಿ ಉಣ್ಣುತ್ತಾ ಕೇಳಿದಳು: "ಹೂವಿನಕೋಲಿನವ್ರ್ ಇನ್ ಯಾವಾಗ ಬತ್ರ್ ಮಗಾ?"

"ಇನ್ನೊಂದ್ ವರ್ಷ ಇತ್ತ್ ಅಜ್ಜಿ."

"ಹಾಂಗಾರೆ ಅಲ್ಲಿವರಿಗೆ ನಾ ಬದ್ಕಿ ಇರ್ಕ್" ಎಂದು ಬಟ್ಟಲನ್ನು ಮುಂದೆ ಮಾಡಿದಳು. "ಇನ್ನೊಂದ್ ಸೌಟ್ ಹಾಕ್."